ಒಂದು ಪೌಂಡ್ ಧಾನ್ಯದ ಜಗಳ

ವರಾಛಾದಲ್ಲಿ ಇತ್ತೀಚೆಗೆ ಎರಡೇ ಮಾತು. ಒಂದು ಮಂದಿ, ಇನ್ನೊಂದು ತೂಕ. ಮಂದಿ ಅಂದರೆ ನಮ್ಮ ಕನ್ನಡದ ಮಂದಿ ಅಲ್ಲ ಮತ್ತೆ. ವ್ಯಾಪಾರ ಬಿದ್ದುಹೋಗಿರುವುದಕ್ಕೆ ಗುಜರಾತಿಯಲ್ಲಿ ಹಾಗನ್ನುತ್ತಾರೆ. ವಜ್ರದ ಧಂಧೆಯ ಮಂದಿಯ ಕಥೆ ಇನ್ನೊಂದು ದಿನಕ್ಕಿರಲಿ, ಇವತ್ತು ತೂಕದ ವಿಷಯ.

ಘಂಟಿಯ ಮುಂದೆ (ವಜ್ರ ಉಜ್ಜುವ ಚಕ್ರಕ್ಕೆ ಇಲ್ಲಿ ಘಂಟಿ ಅಂತಾರೆ) ದಿನಕ್ಕೆ ಹತ್ತು ಗಂಟೆ ಕೂತು ದುಡಿಯುವವರ ಊರಿದು. ಹೊಟ್ಟೆ ಮುಂದೆ ಬರುತ್ತದೆ, ತೋಳು ಸಣಕಲಾಗುತ್ತದೆ. ಆಮೇಲೆ ಯಾರೋ ಹೇಳಿದರು ಅಂತ ಡಯಟ್ ಶುರು. ಬೆಳಿಗ್ಗೆ ಚಹಾ ಮತ್ತು ಖಾಖ್ರಾ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಮತ್ತೆರಡು ಖಾಖ್ರಾ. ತಿಂಗಳಿಗೆ ಆರೇಳು ಕಿಲೋ ಇಳಿಯುತ್ತದೆ, ಸುಳ್ಳಲ್ಲ. ನಮ್ಮ ಸೊಸೈಟಿಯ ಹುಡುಗನೊಬ್ಬ "ಕಾಕಾ, ತೂಕ ಇಳೀತು, ಆದರೆ ನಾಲ್ಕನೇ ಮಹಡಿ ಹತ್ತೋಕೆ ಕಾಲು ನಡುಗುತ್ತೆ, ಹೊಟ್ಟೆ ಮಾತ್ರ ಹಾಗೇ ಇದೆ" ಅಂದ. ಹಾಗಾದರೆ ಇಳಿದದ್ದು ಏನು? ಕೊಬ್ಬೋ, ಮಾಂಸಖಂಡವೋ?

ಈ ಪ್ರಶ್ನೆ ಜಿಮ್ಮಿನವರು ಕಂಡುಹಿಡಿದದ್ದಲ್ಲ. ನಮ್ಮ ಬಳ್ಳಾರಿ ಸೀಮೆಯ ಹಸಿದ ಜನರನ್ನು ಮುಂದಿಟ್ಟುಕೊಂಡು ಸರ್ಕಾರದ ಕಡತಗಳಲ್ಲಿ 1877ರಲ್ಲೇ ಇದಕ್ಕೆ ದೊಡ್ಡ ಜಗಳ ಆಗಿಹೋಗಿದೆ.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರ. ಮರುವರ್ಷ ಈಶ್ವರ ಸಂವತ್ಸರ, ಅದೂ ಹಾಗೇ. ಹಳೇ ಮೈಸೂರಿನ ಕಡೆಯ ಹಿರಿಯರು "ಧಾತು ಈಶ್ವರ" ಅಂತ ಜೋಡಿಯಾಗಿ ಹೇಳುತ್ತಿದ್ದದ್ದು ಇದನ್ನೇ. ಆಗ ಕನ್ನಡ ನಾಡು ಒಂದಿರಲಿಲ್ಲ. ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಗೆ, ಧಾರವಾಡ ಮತ್ತು ಕಲಾದಗಿ ಬೊಂಬಾಯಿಗೆ, ಮೈಸೂರು ಬ್ರಿಟಿಷ್ ಕಮಿಷನರ ಕೈಗೆ. ಬರ ಮಾತ್ರ ಮೂರಕ್ಕೂ ಒಂದೇ. ಮೈಸೂರು ಸೀಮೆಯ ಲೆಕ್ಕ ನೋಡಿ: 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಜನ, 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿಕೊಂಡ ಮೇಲೂ ಇಷ್ಟು ಕಡಿಮೆ.

ಸರ್ಕಾರ ಪರಿಹಾರದ ಕಾಮಗಾರಿ ತೆರೆಯಿತು. ಕೆರೆ ತೋಡು, ಕಲ್ಲು ಒಡೆ, ರಸ್ತೆ ಹಾಕು, ಕೂಲಿ ತಗೋ. ಮದ್ರಾಸಿನಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸ ಹಾಗೇ ಆದದ್ದು. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುತ್ತೀರಲ್ಲ, ಆ ಹಾದಿಯ ಕೆಲಸ ಶುರುವಾದದ್ದೂ ಈ ಬರದಲ್ಲೇ. ಹೊಟ್ಟೆಗಿಲ್ಲದವರು ಹೊತ್ತು ಹಾಕಿದ ಮಣ್ಣು ಅದು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕೂಲಿ ಎಷ್ಟು ಕೊಡಬೇಕು ಅನ್ನುವಲ್ಲಿ ಜಗಳ ಹುಟ್ಟಿತು. ವೈಸರಾಯ್ ಲಿಟ್ಟನ್, ಖರ್ಚು ಬಿಗಿಹಿಡಿಯಲು 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳಿಸಿದ. ಈ ಟೆಂಪಲ್ ಸಾಹೇಬನ ಹಿಂದಿನ ಕಥೆ ತಮಾಷೆಯಾಗಿದೆ, ತಮಾಷೆ ಅನ್ನಬಹುದಾದರೆ. 1874ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಸತ್ತವರು ತೀರಾ ಕಡಿಮೆ. ಅದಕ್ಕೆ ಶಹಭಾಸ್ ಸಿಗಬೇಕಿತ್ತು, ಸಿಕ್ಕಿದ್ದು ಬೈಗುಳ. ದುಂದುವೆಚ್ಚ ಅಂತ ಲಂಡನ್ ಪತ್ರಿಕೆಗಳು ಜಾಡಿಸಿದವು. ಈ ಸಲ ಆತ ಮಿತವ್ಯಯದ ಅವತಾರ ಎತ್ತಿ ಬಂದ. ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡ್ ಧಾನ್ಯದ ಲೆಕ್ಕದಲ್ಲಿದ್ದ ಕೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಅರ್ಧ ಆಣೆಗೆ ಇಳಿಸಿದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಉಪ್ಪು, ಮೆಣಸಿನಕಾಯಿ, ಬೇಳೆ, ಸೌದೆ ಎಲ್ಲ ಆ ಅರ್ಧ ಆಣೆಯಲ್ಲಿ ಆಗಬೇಕು. ಒಂದು ಪೌಂಡಿನಲ್ಲಿ ಜೀವ ನಿಲ್ಲುತ್ತದೆಯೋ ಇಲ್ಲವೋ ಪ್ರಯೋಗ ಮಾಡಿ ನೋಡೋಣ ಅನ್ನುವ ಧಾಟಿ.

ಬೊಂಬಾಯಿ ಪ್ರಾಂತ್ಯದಲ್ಲಿ ಕೂಲಿಗಳು ಸುಮ್ಮನಿರಲಿಲ್ಲ. ಸಾವಿರಗಟ್ಟಲೆ ಜನ ಕಾಮಗಾರಿ ಬಿಟ್ಟು ಎದ್ದುಹೋದರು, ಪುಣೆಯ ಸಾರ್ವಜನಿಕ ಸಭಾ ಅವರ ಪರ ನಿಂತಿತು. ಹಸಿದವರು ಕೂಳು ಬಿಟ್ಟು ಮುಷ್ಕರ ಮಾಡುವುದು ಅಂದರೆ ಊಹಿಸಿಕೊಳ್ಳಿ.

ಮದ್ರಾಸಿನಲ್ಲಿ ವಿರೋಧ ಬಂದದ್ದು ಸರ್ಕಾರದ ಒಳಗಿನಿಂದಲೇ. ಡಾಕ್ಟರ್ ಡಬ್ಲ್ಯೂ. ಆರ್. ಕಾರ್ನಿಶ್ ಅಲ್ಲಿನ ಸ್ಯಾನಿಟರಿ ಕಮಿಷನರ್. ಹಿಂದೆ ಜೈಲುಗಳ ಊಟದ ಪ್ರಮಾಣದ ಮೇಲೆ ಕೆಲಸ ಮಾಡಿದ್ದವನು. ಮೈಮುರಿದು ದುಡಿಯುವ ಕೈದಿಗೆ ಎಷ್ಟು ಕೊಟ್ಟರೆ ಆತ ಸೊರಗುವುದಿಲ್ಲ ಅನ್ನುವುದು ಅವನಿಗೆ ಅಂಗೈ ನೆಲ್ಲಿ. ಅವನ ತಕರಾರಿನ ತಿರುಳು ಇಷ್ಟು: ಒಂದು ಪೌಂಡ್ ಧಾನ್ಯ ಸುಮ್ಮನೆ ಕೂತವನ ಉಸಿರು ಹಿಡಿದಿಡಬಹುದು, ದುಡಿಯುವವನಿಗೆ ಸಾಲದು. ಅದರಲ್ಲಿ ಸಾರಜನಕದ ಅಂಶ, ಅಂದರೆ ಇವತ್ತು ನಾವು ಪ್ರೋಟೀನ್ ಅನ್ನುವುದು, ಕಡಿಮೆ. ಮೈ ದಿಢೀರನೆ ಬೀಳುವುದಿಲ್ಲ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಕ್ಯಾಂಪಿನಲ್ಲಿ ಒಂದು ಸುತ್ತು ಹಾಕಿ ಬಂದ ಅಧಿಕಾರಿಗೆ ಅದು ಕಾಣುವುದೇ ಇಲ್ಲ. ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಕಾಗದಗಳು ಹೋದವು, ಬಂದವು. 1877ರ ಮೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿ ಏರಿಸಿತು. ನಡುವೆ ಹೋದ ತಿಂಗಳುಗಳು ಹೋದವು.

ಈಗ ಆ ಒಂದು ಪೌಂಡನ್ನು ಇವತ್ತಿನ ತಕ್ಕಡಿಗೆ ಹಾಕೋಣ. ಒಂದು ಪೌಂಡ್ ಅಂದರೆ 454 ಗ್ರಾಂ. ಅಕ್ಕಿಯೋ ರಾಗಿಯೋ ಜೋಳವೋ, ಕ್ಯಾಲೊರಿ ಹೆಚ್ಚುಕಡಿಮೆ 1500ರಿಂದ 1600. ಪ್ರೋಟೀನ್ ರಾಗಿಯಲ್ಲಾದರೆ 33 ಗ್ರಾಂ ಆಸುಪಾಸು, ಜೋಳದಲ್ಲಾದರೆ 45. ಮಣ್ಣು ಹೊರುವ 50 ಕಿಲೋ ತೂಕದ ಗಂಡಾಳಿಗೆ ಬೇಕಾದದ್ದು ದಿನಕ್ಕೆ 2500 ಕ್ಯಾಲೊರಿಗೂ ಮೇಲೆ. ಅಂದರೆ ಸಾವಿರ ಕ್ಯಾಲೊರಿ ಖೋತಾ. ಅದು ಮೈಯಿಂದಲೇ ಬರಬೇಕು. ಬರಗಾಲದ ಮೈಯಲ್ಲಿ ಕೊಬ್ಬೆಲ್ಲಿ ಬಂತು?

ತೂಕದ ಯಂತ್ರ ನಮಗೆ ಮೋಸ ಮಾಡುವುದು ಇಲ್ಲೇ. ಒಂದು ಕಿಲೋ ಕೊಬ್ಬಿನ ಪದರದಲ್ಲಿ ಸುಮಾರು 7700 ಕ್ಯಾಲೊರಿ ಇದೆ. ಒಂದು ಕಿಲೋ ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರು, ಐದನೇ ಒಂದು ಪಾಲು ಪ್ರೋಟೀನ್. ಸುಟ್ಟರೆ ಸಿಗುವುದು ಸಾವಿರದ ಹತ್ತಿರ ಅಷ್ಟೇ. ಸಾವಿರ ಕ್ಯಾಲೊರಿಯ ಖೋತಾವನ್ನು ಕೊಬ್ಬಿನಿಂದ ತುಂಬಿದರೆ ಮೈ 130 ಗ್ರಾಂ ಇಳಿಯುತ್ತದೆ, ಮಾಂಸಖಂಡದಿಂದ ತುಂಬಿದರೆ ಒಂದು ಕಿಲೋ. ನಿಜವಾಗಿ ಎರಡೂ ಬೆರೆತಿರುತ್ತದೆ, ಅದು ಬೇರೆ ಮಾತು. ಆದರೆ ತೂಕ ಬಡಬಡ ಇಳಿಯುತ್ತಿದೆ ಅಂತ ಹಿಗ್ಗುವವರು ಈ ಲೆಕ್ಕ ಒಮ್ಮೆ ಹಾಕಬೇಕು. ಮೊದಲ ವಾರದ ಇಳಿತದಲ್ಲಂತೂ ಬಹುಪಾಲು ನೀರು.

ಕಾರ್ನಿಶ್ ಕಾಲದ ವಿಜ್ಞಾನ ಪೂರ್ತಿ ಸರಿಯಿರಲಿಲ್ಲ ಅನ್ನುವುದನ್ನೂ ಹೇಳಬೇಕು. ದುಡಿಮೆಗೆ ಮಾಂಸಖಂಡವೇ ಸೌದೆ, ಅದೇ ಉರಿದು ಶಕ್ತಿ ಬರುತ್ತದೆ ಅಂತ ಜರ್ಮನಿಯ ಲೀಬಿಗ್ ಹೇಳಿದ್ದ. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಅನ್ನುವ ಇಬ್ಬರು ಪ್ರೊಫೆಸರುಗಳು ಪ್ರೋಟೀನ್ ಇಲ್ಲದ ಊಟ ಮಾಡಿ ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿ, ತಮ್ಮ ಮೂತ್ರ ತಾವೇ ಪರೀಕ್ಷಿಸಿ, ಹತ್ತಲು ಬೇಕಾದ ಶಕ್ತಿಗೆ ಕರಗಿದ ಪ್ರೋಟೀನ್ ಸಾಲದು ಅಂತ ತೋರಿಸಿದ್ದರು. ಹೊಟ್ಟೆ ತುಂಬಿದವನಿಗೆ ಸೌದೆ ಅಂದರೆ ಹಿಟ್ಟು ಮತ್ತು ಕೊಬ್ಬೇ. ಸೌದೆ ಮುಗಿದಾಗ ಮಾತ್ರ ಮೈ ಮನೆಯ ತೊಲೆಗೆ ಕೈಹಾಕುತ್ತದೆ. ಕಾರ್ನಿಶ್‌ನ ಸಿದ್ಧಾಂತ ಅರ್ಧ ಹಳೆಯದಾಗಿದ್ದರೂ ತೀರ್ಮಾನ ಸರಿಯಿತ್ತು, ಯಾಕೆಂದರೆ ಆತ ಕಣ್ಣಾರೆ ಕಂಡದ್ದನ್ನು ಬರೆದಿದ್ದ.

ಈ ಪ್ರಯೋಗವನ್ನು ಅಳೆದು ತೂಗಿ ಮಾಡಿದ್ದು 68 ವರ್ಷ ಆದ ಮೇಲೆ, ಅಮೆರಿಕದಲ್ಲಿ. ಯುದ್ಧದಿಂದ ಕಂಗಾಲಾದ ಯುರೋಪಿನ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಯುವಕರನ್ನು ಒಟ್ಟುಮಾಡಿದ. ಬಂದೂಕು ಹಿಡಿಯಲೊಲ್ಲೆ ಅಂದಿದ್ದ ಹುಡುಗರು ತಾವಾಗಿಯೇ ಒಪ್ಪಿ ಬಂದರು. 1945ರ ಫೆಬ್ರವರಿಯಿಂದ ಜುಲೈವರೆಗೆ 24 ವಾರ, ದಿನಕ್ಕೆ ಸರಾಸರಿ 1570 ಕ್ಯಾಲೊರಿ: ಆಲೂಗಡ್ಡೆ, ಗಡ್ಡೆಕೋಸು, ಬ್ರೆಡ್ಡು, ಮ್ಯಾಕರೋನಿ. ವಾರಕ್ಕೆ 22 ಮೈಲಿ ನಡಿಗೆ. ಟೆಂಪಲ್‌ನ ಒಂದು ಪೌಂಡಿಗೂ ಇದಕ್ಕೂ ಎಷ್ಟು ಹತ್ತಿರ ನೋಡಿ! ಅವನು ಕಲ್ಲು ಒಡೆಸಿದ, ಇವನು ನಡೆಸಿದ, ಅಷ್ಟೇ ವ್ಯತ್ಯಾಸ. ಹುಡುಗರ ತೂಕ ಹೆಚ್ಚುಕಡಿಮೆ ಕಾಲುಭಾಗ ಹೋಯಿತು. ತೊಡೆ ತೋಳು ಬತ್ತಿದವು, ಚಳಿ, ಸಿಟ್ಟು, ಮೂರು ಹೊತ್ತೂ ಊಟದ್ದೇ ಧ್ಯಾನ. ಮತ್ತೆ ಹೊಟ್ಟೆ ತುಂಬ ಕೊಟ್ಟಾಗ ಮೊದಲು ವಾಪಸು ಬಂದದ್ದು ಕೊಬ್ಬು, ಮಾಂಸಖಂಡ ನಿಧಾನಕ್ಕೆ. 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಇದೆಲ್ಲ ಅಚ್ಚಾಯಿತು. ಡಯಟ್ ಬಿಟ್ಟ ಮೇಲೆ ಮೊದಲಿಗಿಂತ ಹೊಟ್ಟೆ ಹೆಚ್ಚಾಯಿತು ಅಂತ ಗೊಣಗುವವರಿಗೆ ಅದರಲ್ಲಿ ಉತ್ತರ ಇದೆ.

ಹಾಗಾದರೆ ಸೂರತ್ತಿನ ಜೈನರು ಪರ್ಯೂಷಣದಲ್ಲಿ ಎಂಟು ದಿನ ಅಠಾಯಿ ಮಾಡುತ್ತಾರಲ್ಲ, ಬರೀ ಕಾಯಿಸಿದ ನೀರು, ಕೆಲವರು ತಿಂಗಳಿಡೀ ಮಾಡುತ್ತಾರಲ್ಲ, ಅವರ ಕಥೆ? ಅದು ವ್ರತ, ಡಯಟ್ ಅಲ್ಲ; ಎರಡನ್ನೂ ಕಲೆಸಬಾರದು. ಮೈಯ ಲೆಕ್ಕ ಮಾತ್ರ ಹೀಗಿದೆ. ಪೂರ್ತಿ ಉಪವಾಸದ ಮೊದಲ ದಿನಗಳಲ್ಲಿ ಮೂತ್ರದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗ್ರಾಂ ಸಾರಜನಕ ಹೋಗುತ್ತದೆ. ಒಂದು ಗ್ರಾಂ ಸಾರಜನಕ ಅಂದರೆ ಆರೂಕಾಲು ಗ್ರಾಂ ಪ್ರೋಟೀನ್, ಅಂದರೆ ಮೂವತ್ತು ಗ್ರಾಂ ಹಸಿ ಮಾಂಸಖಂಡ. ಗುಣಿಸಿಕೊಳ್ಳಿ, ದಿನಕ್ಕೆ ಮುನ್ನೂರು ಗ್ರಾಂ ದಾಟುತ್ತದೆ. ಉಪವಾಸ ವಾರಗಟ್ಟಲೆ ಮುಂದುವರಿದರೆ ಮಿದುಳು ಕೊಬ್ಬಿನಿಂದ ಬರುವ ಕೀಟೋನ್‌ಗೆ ಹೊಂದಿಕೊಂಡು ಈ ನಷ್ಟ ಮೂರ್ನಾಲ್ಕು ಗ್ರಾಂ ಸಾರಜನಕಕ್ಕೆ ಇಳಿಯುತ್ತದೆ ಅಂತ ಹಾರ್ವರ್ಡಿನ ಜಾರ್ಜ್ ಕೇಹಿಲ್ 1960ರ ದಶಕದಲ್ಲಿ ಅಳೆದ. ಇಳಿಯುತ್ತದೆ, ನಿಲ್ಲುವುದಿಲ್ಲ.

ಈ ಅಳತೆಗಳಿಂದಲೇ ಬಾಸ್ಟನ್ನಿನ ಬ್ಲ್ಯಾಕ್‌ಬರ್ನ್ ಮತ್ತು ಬಿಸ್ಟ್ರಿಯನ್‌ಗೆ 1970ರ ದಶಕದಲ್ಲಿ ಒಂದು ದಾರಿ ಹೊಳೆಯಿತು. ಕ್ಯಾಲೊರಿ ಎಲ್ಲ ಕಡಿದರೂ ಒಳ್ಳೆಯ ಪ್ರೋಟೀನ್ ಮಾತ್ರ ಕಡಿಯದೆ ಕೊಟ್ಟರೆ ಬೊಜ್ಜಿನವರ ಮಾಂಸಖಂಡ ಬಹುಮಟ್ಟಿಗೆ ಉಳಿಯುತ್ತದೆ ಅಂತ. ಡಾಕ್ಟರ ಕಣ್ಣಿನ ಕೆಳಗೆ, ಲವಣಗಳನ್ನೂ ವಿಟಮಿನ್ನುಗಳನ್ನೂ ಸೇರಿಸಿ ಮಾಡುವ ಕ್ರಮ ಅದು. ಅಂಗಡಿಯವರ ಕೈಗೆ ಸಿಕ್ಕ ಮೇಲೆ ಏನಾಗಬೇಕೋ ಅದೇ ಆಯಿತು. 1976ರಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನ್ ಬಾಟಲಿಗಳ ಹುಚ್ಚು ಹಿಡಿಯಿತು. ಪ್ರೋಟೀನ್ ಹೌದು, ಆದರೆ ಪ್ರಾಣಿಗಳ ಚರ್ಮ ಮೂಳೆಗಳ ಕೊಲಾಜೆನ್‌ನಿಂದ ಬಂದದ್ದು. ಅದರಲ್ಲಿ ಟ್ರಿಪ್ಟೊಫ್ಯಾನ್ ಅನ್ನುವ ಅಗತ್ಯ ಅಮೈನೊ ಆಮ್ಲವೇ ಇಲ್ಲ. 1977ರ ಹೊತ್ತಿಗೆ ಅದನ್ನೇ ಕುಡಿದುಕೊಂಡಿದ್ದ ಐವತ್ತಕ್ಕೂ ಹೆಚ್ಚು ಜನರ ಸಾವಿನ ತನಿಖೆ ನಡೆಯಿತು. ಹಲವರು ನಿಂತ ನಿಲುವಿನಲ್ಲಿ ಹೃದಯದ ಬಡಿತ ತಪ್ಪಿ ಹೋದವರು. ಹೃದಯವೂ ಮಾಂಸಖಂಡವೇ ಅಲ್ಲವೇ. ಕಾರ್ನಿಶ್ ಕಾಗದ ಬರೆದು ಸರಿಯಾಗಿ ನೂರು ವರ್ಷ ಆಗಿತ್ತು.

ಪ್ರೋಟೀನ್ ಎಷ್ಟು ಅನ್ನುವುದರ ಜೊತೆಗೆ ಎಂಥದು ಅನ್ನುವ ಪ್ರಶ್ನೆಗೆ ಅತ್ಯಂತ ಖಚಿತವಾದ ಉತ್ತರ ಬಂದದ್ದು ಮಾತ್ರ ನಮ್ಮ ಬೆಂಗಳೂರಿನಿಂದ. ಹೆಮ್ಮೆ ಪಡಬೇಕಾದ ವಿಷಯ, ನಮ್ಮವರೇ ಹೆಚ್ಚು ಮಾತಾಡುವುದಿಲ್ಲ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ 1980ರ ದಶಕದಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು ವರ್ಷಗಟ್ಟಲೆ ಅರೆಹೊಟ್ಟೆಯಲ್ಲೇ ದುಡಿದ ಗಂಡಸರ ಮೈಯನ್ನು ಅಳೆದರು. ಇಂಥವರ ಮೈ ಕಡಿಮೆಯಲ್ಲಿ ಓಡುವುದನ್ನು ಕಲಿತಿದೆ ಅನ್ನುವ ನಂಬಿಕೆ ಆಗ ಇತ್ತು. ಬಡವನಿಗೆ ಕಡಿಮೆ ಸಾಕು ಅನ್ನುವ ಟೆಂಪಲ್‌ನ ಮಾತಿನ ಮರಿಮಗ ಅದು. ಅಳೆದು ನೋಡಿದರೆ ಅಂಥ ಜಾದೂ ಏನೂ ಇಲ್ಲ. ಮೈಯೇ ಚಿಕ್ಕದಾಗಿತ್ತು, ಅದಕ್ಕೇ ಖರ್ಚು ಕಡಿಮೆ. ಪಿತ್ತಜನಕಾಂಗ, ಮಿದುಳು ಇಂಥ ಒಳಾಂಗಗಳನ್ನು ಉಳಿಸಿಕೊಂಡು ಮೈ ತೆತ್ತದ್ದು ಮಾಂಸಖಂಡವನ್ನು.

ಅದೇ ಸಂಸ್ಥೆಯ ಅನೂರಾ ಕುರ್ಪಾಡ್ ಮುಂದೆ ಲೈಸಿನ್ ಅನ್ನುವ ಅಮೈನೊ ಆಮ್ಲದ ಬೆನ್ನು ಹತ್ತಿದರು. ನಮ್ಮ ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲದರಲ್ಲೂ ಕೊರತೆ ಇರುವುದು ಇದೇ. 1985ರ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಮೈಯ ಒಂದು ಕಿಲೋ ತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕು ಅಂತಿತ್ತು. ಬೆಂಗಳೂರಿನ ಗಂಡಸರಿಗೆ ಅಳೆದ ಊಟ ಕೊಟ್ಟು, ಗುರುತು ಹಾಕಿದ ಇಂಗಾಲವಿರುವ ಅಮೈನೊ ಆಮ್ಲ ಸೇರಿಸಿ, 24 ಗಂಟೆ ಅವರ ಉಸಿರು ಹಿಡಿದು ಲೆಕ್ಕ ಹಾಕಿದಾಗ ಬಂದದ್ದು 30ರ ಆಸುಪಾಸು. ಎರಡೂವರೆ ಪಟ್ಟು! ಅರೆಹೊಟ್ಟೆಯ, ಕರುಳಲ್ಲಿ ಹುಳುವಿದ್ದ ಗಂಡಸರಿಗೆ ಅದಕ್ಕಿಂತಲೂ ಒಂದೂವರೆ ಪಟ್ಟು ಬೇಕಾಯಿತು. 2007ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ 30 ಅನ್ನುವುದನ್ನೇ ಒಪ್ಪಿಕೊಂಡಿತು.

ಈ ಸಂಖ್ಯೆ ಇಟ್ಟುಕೊಂಡು ಬಳ್ಳಾರಿಯ ಆ ಒಂದು ಪೌಂಡಿಗೆ ವಾಪಸು ಹೋಗೋಣ. 50 ಕಿಲೋ ಮನುಷ್ಯನಿಗೆ ದಿನಕ್ಕೆ ಒಂದೂವರೆ ಗ್ರಾಂ ಲೈಸಿನ್ ಬೇಕು. ಒಂದು ಪೌಂಡ್ ರಾಗಿಯಲ್ಲಾಗಲಿ ಜೋಳದಲ್ಲಾಗಲಿ ಇರುವುದು ಒಂದು ಗ್ರಾಂ ಆಸುಪಾಸು. ಅದೇ ಪೌಂಡಿನಲ್ಲಿ ನೂರು ಗ್ರಾಂ ರಾಗಿ ತೆಗೆದು ನೂರು ಗ್ರಾಂ ತೊಗರಿಬೇಳೆ ಹಾಕಿ. ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ, ಲೈಸಿನ್ ಎರಡು ಗ್ರಾಂ ದಾಟುತ್ತದೆ. ನಮ್ಮ ಮುದ್ದೆ ಮತ್ತು ಹುರುಳಿ ಸಾರು, ರೊಟ್ಟಿ ಮತ್ತು ಮಡಕೆ ಕಾಳು ಪಲ್ಯ ಕಟ್ಟಿದ ಅಜ್ಜಿಯರಿಗೆ ಲೈಸಿನ್ ಹೆಸರು ಗೊತ್ತಿರಲಿಲ್ಲ. ಆದರೆ ಬರ ಬಂದಾಗ ತಟ್ಟೆಯಿಂದ ಮೊದಲು ಹೋಗುವುದು ಕಾಳು, ಹಾಲು. ಉಳಿಯುವುದು ಗಂಜಿ. ಚಹಾ ಖಾಖ್ರಾದ ಡಯಟ್ಟಿನಲ್ಲೂ ಮೊದಲು ಹೋಗುವುದು ಅದೇ, ನೋಡಿ.

ಇನ್ನೊಂದು ವಿಷಯ. ಮೈ ಯಾವ ಮಾಂಸಖಂಡವನ್ನು ಉಳಿಸಿಕೊಳ್ಳುತ್ತದೆ? ಕೆಲಸ ಕೊಟ್ಟದ್ದನ್ನು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಯುವಕರಿಗೆ ನಾಲ್ಕು ವಾರ, ಬೇಕಾದದ್ದಕ್ಕಿಂತ 40 ಪರ್ಸೆಂಟ್ ಕಡಿಮೆ ಕ್ಯಾಲೊರಿ ಕೊಟ್ಟು, ವಾರಕ್ಕೆ ಆರು ದಿನ ಭಾರ ಎತ್ತಿಸಿ ಬೆವರಿಳಿಸಿದರು. ಕಿಲೋ ತೂಕಕ್ಕೆ 1.2 ಗ್ರಾಂ ಪ್ರೋಟೀನ್ ತಿಂದವರ ಮಾಂಸಖಂಡ ಇದ್ದಷ್ಟೇ ಉಳಿಯಿತು. 2.4 ಗ್ರಾಂ ತಿಂದವರದು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ಆಯಿತು, ಕೊಬ್ಬು 4.8 ಕಿಲೋ ಹೋಯಿತು. ಇವರು ದಷ್ಟಪುಷ್ಟ ಹುಡುಗರು, ಮೈಯಲ್ಲಿ ಕೊಬ್ಬಿನ ದಾಸ್ತಾನು ಇದ್ದವರು. ಬರದಲ್ಲಿ ಕಲ್ಲು ಒಡೆದವನೂ ಭಾರ ಎತ್ತಿದವನೇ, ಅವನಿಗೆ ದಾಸ್ತಾನೂ ಇರಲಿಲ್ಲ, ಕಾಳೂ ಇರಲಿಲ್ಲ. ಈಗ ಹೊಸದಾಗಿ ಬಂದಿರುವ ತೂಕ ಇಳಿಸುವ ಇಂಜೆಕ್ಷನ್ನುಗಳ ವಿಷಯದಲ್ಲೂ ಇದೇ ಚರ್ಚೆ. ಸೆಮಾಗ್ಲುಟೈಡ್‌ನ ಒಂದು ದೊಡ್ಡ ಪ್ರಯೋಗದಲ್ಲಿ ಮೈ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಇಳಿದ ತೂಕದ ಸುಮಾರು 40 ಪರ್ಸೆಂಟ್ ಕೊಬ್ಬಲ್ಲದ ಭಾಗ.

ನಮ್ಮಂಥವರಿಗೆ ಇದು ಹೆಚ್ಚು ತಟ್ಟುವುದಕ್ಕೆ ಕಾರಣ ಇದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋ ಪಕ್ಕಪಕ್ಕ ಹಾಕಿ ಒಂದು ಪುಟದ ಲೇಖನ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕರ ಮೈಯಲ್ಲಿ 21.2. ಸಣ್ಣಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ. ಮೊದಲೇ ಕಡಿಮೆ ಇರುವುದನ್ನು ಡಯಟ್ ಹೆಸರಲ್ಲಿ ಇನ್ನಷ್ಟು ಕಳೆದುಕೊಂಡರೆ ಸಕ್ಕರೆ ಕಾಯಿಲೆಗೆ ಬಾಗಿಲು ತೆರೆದ ಹಾಗೆ, ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಮಾಂಸಖಂಡ.

1877ರ ಜಗಳ ಅಲ್ಲಿಗೇ ಮುಗಿಯಲಿಲ್ಲ. 1880ರ ಕ್ಷಾಮ ಆಯೋಗ ದುಡಿಯುವ ಆಳಿಗೆ ಒಂದೂವರೆ ಪೌಂಡ್ ಧಾನ್ಯ ಬೇಕು, ಜೊತೆಗೆ ತಕ್ಕಷ್ಟು ಬೇಳೆಕಾಳು ಇರಬೇಕು ಅಂತ ಬರೆಯಿತು. ಕಾರ್ನಿಶ್ ಗೆದ್ದ ಅನ್ನಿ, ಕಾಗದದ ಮೇಲೆ. ಯಾಕೆಂದರೆ ಸಂವತ್ 1956ರಲ್ಲಿ, ಅಂದರೆ 1899-1900ರಲ್ಲಿ, ಗುಜರಾತಿಗೇ ಬರ ಬಂದಾಗ ಬೊಂಬಾಯಿ ಸರ್ಕಾರ ನಿಗದಿಯಾದಷ್ಟು ಕೆಲಸ ಮುಗಿಸದ ಆಳುಗಳ ಕೂಲಿ ಕಡಿಯುವ ಕ್ರಮ ಇಟ್ಟುಕೊಂಡಿತು. ಕೆಲಸ ಮಾಡಲು ತ್ರಾಣ ಇಲ್ಲ, ಅದಕ್ಕೆ ಊಟ ಕಡಿಮೆ. ಊಟ ಕಡಿಮೆ, ಅದಕ್ಕೆ ಮರುದಿನ ತ್ರಾಣ ಇನ್ನೂ ಕಡಿಮೆ. ಆ ವರ್ಷಕ್ಕೆ ಇಲ್ಲಿ ಛಪ್ಪನಿಯೊ ಅಂತ ಹೆಸರು. ಅಮ್ರೇಲಿ, ಭಾವನಗರದ ಕಡೆಯಿಂದ ವರಾಛಾಕ್ಕೆ ಬಂದು ನೆಲೆಸಿದ ಮನೆಗಳಲ್ಲಿ ಆ ಮಾತು ಇನ್ನೂ ಇದೆ, ನಮ್ಮಲ್ಲಿ ಧಾತು ಈಶ್ವರ ಇದ್ದ ಹಾಗೆ.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐನವರು, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಹುರಿದ ಕಡಲೆಬೇಳೆ ಹಿಟ್ಟು ಕಾಲು ಪಾಲು ಬೆರೆಸಿ, ವಿಟಮಿನ್ನು ಸುಣ್ಣ ಸೇರಿಸಿ ಬಹೂಪಯೋಗಿ ಆಹಾರ ಅಂತ ಒಂದು ಪುಡಿ ಮಾಡಿದರು. ಗಂಜಿಗೆ ಎರಡು ಚಮಚ ಬೆರೆಸಿದರೆ ಸಾಕು, ಕಾಳಿನ ಜಾಗ ತುಂಬುತ್ತಿತ್ತು. ಇಲ್ಲಿ ಮಿನಿ ಬಜಾರಿನ ಸುತ್ತ ಈಗ ಮಾರುವ ದೊಡ್ಡ ದೊಡ್ಡ ಡಬ್ಬಿಗಳ ಬಡ ಅಜ್ಜ ಅದು.

ಹುಡುಗನಿಗೆ ನಾನು ಡಬ್ಬಿ ತಗೋ ಅಂತ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. 2020ರ ಐಸಿಎಂಆರ್ ಲೆಕ್ಕದಲ್ಲಿ ಮಾಮೂಲಿ ದಿನಕ್ಕೇ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು, ತೂಕ ಇಳಿಸುವಾಗ ಅದನ್ನು 1.2ಕ್ಕಿಂತ ಕೆಳಗೆ ಬಿಡಬಾರದು ಅನ್ನುವುದು ಈಗಿನ ಅಭಿಪ್ರಾಯ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು. ಇಲ್ಲಿನವರ ಮನೆಗಳಲ್ಲಿ ಬುಧವಾರ ಹೆಸರುಕಾಳು ಮಾಡುವ ರೂಢಿ ಇದೆ. ಉಳಿದ ಆರು ದಿನವೂ ಒಂದು ಬಟ್ಟಲು ಹಾಕಿಸಿಕೋ, ಜೊತೆಗೆ ಮೊಸರು, ಖಾಖ್ರಾ ಒಂದು ಕಡಿಮೆ ಆದರೂ ಪರವಾಗಿಲ್ಲ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತು ಅಂದೆ.